ಒಂದೇ ಒಲೆಯಲ್ಲಿ ಉಣ್ಣುವವರು

ಮನೆಯಿಂದ, ಮೇನ್, ಅಮೆರಿಕ
ಭಾನುವಾರ, ಜನವರಿ 20, 2019

ಸಮುದ್ರದ ಮೇಲಿರುವ ನನ್ನ ಮಾರ್ನಿಗೆ, ಒಲೆಯ ಪಕ್ಕ ಕೂತು ನಿನ್ನ ಅಮ್ಮ ಪ್ರೀತಿಯಿಂದ ಬರೆಯುವುದು.

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ನಿನ್ನ ಮಕ್ಕಳು ಹ್ಯಾಟಿ, ಸೈಲಸ್ ಇಬ್ಬರೂ ಚೆನ್ನಾಗಿದ್ದಾರೆ, ಮನೆಯ ಮಾಡು ಇನ್ನೂ ತಲೆಯ ಮೇಲೇ ಇದೆ. ನನ್ನ ಕಾಗದ ಕೈಗೆ ಬಂದರೆ ನಿನಗೆ ಎದೆ ಧಸಕ್ ಎನ್ನುತ್ತದೆ ಎಂದು ಗೊತ್ತು. ಅದಕ್ಕೇ ಇದನ್ನು ಮೇಲೆಯೇ ಬರೆದೆ. ಈಗ ನಿಧಾನಕ್ಕೆ ಓದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ನಿನ್ನ ಹಡಗು ದಡ ಸೇರಿದಾಗ ನೀನು ಫೋನ್ ಮಾಡುತ್ತೀಯ, ಮಕ್ಕಳಿಬ್ಬರೂ ಫೋನಿಗೆ ಜೋತು ಬೀಳುತ್ತಾರೆ, ಕೊನೆಗೆ ನನ್ನ ಕೈಗೆ ಬಂದಾಗ ನೀನು ಎಲ್ಲಾ ಸರಿಯಾ ಅಮ್ಮ ಎನ್ನುತ್ತೀಯ, ನಾನು ಸರಿ ಎನ್ನುತ್ತೇನೆ, ಅಷ್ಟರಲ್ಲಿ ನಿನ್ನ ಹಿಂದೆ ನಿಂತವರ ಸರದಿ ಬಂದಿರುತ್ತದೆ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಸಾರ್ಡೀನ್ ಮೀನಿನ ಕಾರ್ಖಾನೆಗೆ ಹೋದವಳು, ಬರೆಯುವುದೆಂದರೆ ನನಗೆ ಹಗ್ಗದ ಮೇಲೆ ನಡೆದ ಹಾಗೆ. ಆದರೂ ಇದು ಬರೆದೇ ಹೇಳಬೇಕಾದ ಮಾತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲ.

ಬೆಳಗಿನಿಂದ ಹಿಮ ಬೀಳುತ್ತಿದೆ. ಕಿಟಕಿಯಾಚೆ ನಿನ್ನ ಚಿಕ್ಕಪ್ಪ ಡೆಲ್ಮಾಂಟನ ದೋಣಿ ಕಾಣುತ್ತಿಲ್ಲ, ಒಂದು ದಿಬ್ಬ ಮಾತ್ರ ಕಾಣುತ್ತಿದೆ. ನಾಳೆ ಸರ್ಕಾರಿ ರಜೆ, ಅಂಚೆ ಇಲ್ಲ. ನಾಡಿದ್ದು ದಾರಿ ಬಿಟ್ಟರೆ ಇದನ್ನು ಹಾಕಿ ಬರುತ್ತೇನೆ. ದಾರಿ ಬಿಡದಿದ್ದರೆ ಏನು ಮಾಡುವುದೋ. ಬಿಡುತ್ತದೆ, ಬಿಡು. ಮೊದಲೆಲ್ಲ ಮಕ್ಕಳು ಹಿಮದ ರಜೆ ಸಿಕ್ಕಿತೆಂದು ಕುಣಿದರೆ ನನಗೂ ಖುಷಿಯಾಗುತ್ತಿತ್ತು. ಈಗ ರೇಡಿಯೋದಲ್ಲಿ ಶಾಲೆ ಇಲ್ಲ ಎಂದರೆ ಎದ್ದು ಹೋಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ನೋಡುತ್ತೇನೆ. ಶಾಲೆ ಇಲ್ಲವೆಂದರೆ ಶಾಲೆಯ ಮಧ್ಯಾಹ್ನದ ಊಟವೂ ಇಲ್ಲ.

ನೋಡು, ಅಡ್ಡ ದಾರಿಯಲ್ಲಿ ಬಂದು ವಿಷಯಕ್ಕೆ ಕೈಯಿಟ್ಟೇಬಿಟ್ಟೆ.

ನಿನ್ನ ಸಂಬಳ ನಿಂತಿದೆ ಎಂದು ನನಗೆ ಗೊತ್ತು ಮಾರ್ನಿ. ನೀನು ಸ್ವಲ್ಪ ತಡವಾಗುತ್ತದೆ ಎಂದಷ್ಟೇ ಹೇಳಿದೆ. ನೀನು ಹೇಳದಿದ್ದರೇನು, ಇಡೀ ಕರಾವಳಿಗೇ ಗೊತ್ತು. ವಾಷಿಂಗ್ಟನ್ನಿನಲ್ಲಿ ಬಜೆಟ್ಟಿಗಾಗಿ ಅವರವರೇ ಜಗಳವಾಡಿ ಸರ್ಕಾರದ ಬಾಗಿಲು ಹಾಕಿದರು, ನಿಮ್ಮ ಕೋಸ್ಟ್ ಗಾರ್ಡಿನವರಿಗೆ ಮಾತ್ರ ಸಂಬಳವಿಲ್ಲದೆಯೇ ಕೆಲಸಕ್ಕೆ ಬನ್ನಿ ಎಂದರು. ಇಲ್ಲೇ ಜೋನ್ಸ್‌ಪೋರ್ಟ್ ಠಾಣೆಯ ಹುಡುಗರು ಈ ಚಳಿಯಲ್ಲಿ ದೋಣಿ ತೆಗೆದುಕೊಂಡು ಹೋಗಿ ಯಾರನ್ನೋ ನೀರಿನಿಂದ ಎತ್ತಿಕೊಂಡು ಬರುತ್ತಾರೆ, ಬಂದು ಮನೆಯ ಬಾಡಿಗೆ ಕಟ್ಟಲಾರದೆ ಕೂತಿರುತ್ತಾರೆ. ನಿನ್ನ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅಕ್ಟೋಬರಿನಲ್ಲಿ ಮಕ್ಕಳನ್ನು ನನ್ನ ಮನೆಗೆ ಬಿಟ್ಟು ಹಡಗು ಹತ್ತಿದಾಗಿನಿಂದ ಒಂದು ಸಲವೂ ತಪ್ಪದೆ ಕಳಿಸಿದ್ದೀಯ. ಬೇಸರ ಇರುವುದು ಬೇರೆಯವರ ಮೇಲೆ. ಅವರಿಗೆ ಕಾಗದ ಬರೆಯುವಷ್ಟು ವಿದ್ಯೆ ನನಗಿಲ್ಲ, ಬಚಾವಾದರು.

ಇನ್ನು ದಿನಸಿಗೆಂದು ಸರ್ಕಾರ ತಿಂಗಳು ತಿಂಗಳು ದುಡ್ಡು ಹಾಕುವ ನನ್ನ ಊಟದ ಕಾರ್ಡಿನ ವಿಷಯ. ಮುಖ ಸಿಂಡರಿಸಬೇಡ. ನೀನು ಆ ಕಾರ್ಡಿನ ಹೆಸರೆತ್ತಿದರೆ ಹೇಗಾಗುತ್ತೀಯ ಎಂದು ನನಗೆ ಗೊತ್ತು. ನೀನು ಶಾಲೆಗೆ ಹೋಗುವಾಗ ಕಾರ್ಡೂ ಇರಲಿಲ್ಲ, ಬಣ್ಣಬಣ್ಣದ ಚೀಟಿಗಳ ಪುಸ್ತಕ. ನಾನು ಅಂಗಡಿಯಲ್ಲಿ ಒಂದೊಂದೇ ಹರಿದು ಕೊಡುವಾಗ ಹಿಂದೆ ನಿನ್ನ ಕ್ಲಾಸಿನ ಹುಡುಗಿಯರು ನಿಂತಿದ್ದರು. ಅವತ್ತಿನಿಂದ ನೀನು ಅಂಗಡಿಯೊಳಗೆ ಬರಲಿಲ್ಲ, ಕಾರಿನಲ್ಲೇ ಕೂತಿರುತ್ತಿದ್ದೆ. ಕೋಸ್ಟ್ ಗಾರ್ಡಿಗೆ ಸೇರಿದ ದಿನ ನನ್ನ ಭುಜ ಹಿಡಿದು, ನನ್ನ ಮಕ್ಕಳು ಆ ಸಾಲಿನಲ್ಲಿ ನಿಲ್ಲಬಾರದಮ್ಮ ಎಂದೆ. ನಾನು ಆಯಿತು ಎಂದೆ. ಆ ಮಾತನ್ನು ನಾನು ಸುಮ್ಮನೆ ಕೊಟ್ಟವಳಲ್ಲ.

ಹೊಸ ವರ್ಷವಾದ ಮೇಲೆ ನನ್ನ ಕಾರ್ಡನ್ನು ಮತ್ತೆ ಪಕ್ಕಾ ಮಾಡಿಸುವ ಸರದಿ. ಪ್ರತಿ ವರ್ಷ ಇರುವುದೇ. ಆದರೆ ಈ ಸಲ ಕಚೇರಿಯಿಂದ ಇನ್ನೊಂದು ಕಾಗದವೂ ಬಂತು. ಮೂರು ಸಲ ಓದಿದೆ. ಹ್ಯಾಟಿಯ ಕೈಯಲ್ಲೂ ಓದಿಸಿದೆ, ದೊಡ್ಡ ಅಕ್ಷರದ್ದು ಮಾತ್ರ. ಸರ್ಕಾರ ಮುಚ್ಚಿರುವುದರಿಂದ ಫೆಬ್ರವರಿಯ ಪಾಲನ್ನು ಜನವರಿಯಲ್ಲೇ ಹಾಕುತ್ತಾರಂತೆ, ಕೈಯಲ್ಲಿರುವ ದುಡ್ಡು ಇರುವಾಗಲೇ ಜನರ ಹೊಟ್ಟೆಗೆ ಸೇರಲಿ ಎಂದು. ಆದರೆ ಯಾರ ಕಾರ್ಡು ಪಕ್ಕಾ ಆಗಬೇಕೋ ಅವರು ತಡಮಾಡದೆ ಫೋನಿನಲ್ಲಿ ಮಾತಾಡಿ ಮುಗಿಸಬೇಕು, ಇಲ್ಲದಿದ್ದರೆ ಫೆಬ್ರವರಿಯದು ಸಿಗುವುದು ಕಷ್ಟ. ಮಾರ್ಚಿನ ವಿಷಯ ಒಂದು ಸಾಲೂ ಇರಲಿಲ್ಲ. ಮಾರ್ಚ್ ಎಂಬ ತಿಂಗಳೇ ಇಲ್ಲವೇನೋ ಅನ್ನುವ ಹಾಗೆ.

ಫೋನ್ ಹಚ್ಚಿ ಕೂತೆ. ಸಂಗೀತ ಹಾಕಿ ಕಾಯಿಸಿದರು. ಆ ಸಂಗೀತ ಕೇಳುತ್ತಾ ಆಲೂಗಡ್ಡೆ ಸುಲಿದೆ, ಬೇಯಿಸಿದೆ, ಮಕ್ಕಳಿಗೆ ಬಡಿಸಿದೆ, ಪಾತ್ರೆ ಎತ್ತಿಟ್ಟೆ. ಆಮೇಲೆ ಲೊರೇನ್ ಎಂಬಾಕೆ ಬಂದಳು. ಒಳ್ಳೆಯ ಧ್ವನಿ, ಉತ್ತರದ ಕಡೆಯ ಫ್ರೆಂಚ್ ಎಳೆತ ಇತ್ತು ಮಾತಿನಲ್ಲಿ. ಕೆಲಸದ ವಿಷಯ ಕೇಳಿದಳು. ಕ್ರಿಸ್‌ಮಸ್ಸಿಗೆ ಬಾಗಿಲಿಗೆ ಹಾಕುವ ಹಸಿರು ಹಾರ ಕಟ್ಟುವ ಕೆಲಸ ಡಿಸೆಂಬರಿನಲ್ಲೇ ಮುಗಿಯಿತು, ಬೆರಳಿಗೆ ಮೆತ್ತಿದ ಅಂಟು ಮಾತ್ರ ಉಳಿದಿದೆ ಎಂದೆ. ನಕ್ಕಳು. ಆಮೇಲೆ ಕೇಳಿದಳು:

"ನಿಮ್ಮ ಒಲೇಲಿ ಬೇಯಿಸಿದ್ದನ್ನ ಯಾರ್ಯಾರು ಉಣ್ತೀರಿ?"

ಅವರ ಲೆಕ್ಕದಲ್ಲಿ ಮನೆಯೆಂದರೆ ಅದೇ. ಒಟ್ಟಿಗೆ ತಂದು ಒಟ್ಟಿಗೆ ಬೇಯಿಸಿ ಉಣ್ಣುವವರು. ನಾನು ತಡವರಿಸದೆ ಹೇಳಿದೆ, ನಾನೊಬ್ಬಳೇ.

ಹೇಳಿ ಬಾಯಿ ಮುಚ್ಚುವುದಕ್ಕಿಲ್ಲ, ಸೈಲಸ್ ಅಡುಗೆಮನೆಯಿಂದ ಅಜ್ಜೀ ಹಾಲು ಮುಗೀತು ಎಂದು ಊರಿಗೇ ಕೇಳುವ ಹಾಗೆ ಕೂಗಿದ. ಲೊರೇನ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಮೆತ್ತಗೆ, ಬಿಡಿಸಿ ಬಿಡಿಸಿ ಕೇಳಿದಳು. ನನಗೆ ಬಾಗಿಲು ತೆಗೆದು ಹಿಡಿದು ನಿಂತಿದ್ದಳು ಎಂದು ಈಗ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು ಪೊಲೀಸು. ಪಕ್ಕದ ಮನೆಯ ಮಗು, ಆಡಲಿಕ್ಕೆ ಬಂದಿದೆ ಎಂದೆ. ಆಯ್ತು ವರ್ಲಿ, ನಿಮಗೆ ಇನ್ನೇನಾದರೂ ನೆನಪಾದರೆ ನೇರ ನನಗೇ ಫೋನ್ ಮಾಡಿ ಎಂದು ನಂಬರು ಕೊಟ್ಟಳು.

ನಮ್ಮ ಕಡೆ ಹೆಣ್ಣುಮಕ್ಕಳು ಹುಟ್ಟುತ್ತಲೇ ಕಲಿಯುವುದು ಇದನ್ನು, ನೀನೂ ಕಲಿತಿದ್ದೀಯ. ಮನೆಯಲ್ಲಿ ಯಾರು ಮಲಗುತ್ತಾರೆ ಎಂದು ಸರ್ಕಾರಕ್ಕೆ ಹೇಳಬಾರದು. ನನ್ನ ಅತ್ತೆ ಕಲಿಸಿದ್ದು, ಅವರಿಗೆ ಅವರ ತಾಯಿ ಕಲಿಸಿದ್ದು. ಬಾಗಿಲಲ್ಲಿ ಯಾರಾದರೂ ಫೈಲು ಹಿಡಿದು ನಿಂತರೆ ಹೊರಗೆ ಒಣಗುವ ಬಟ್ಟೆಯನ್ನೂ ಒಳಗೆ ತರುತ್ತಿದ್ದರು, ಎಷ್ಟು ಜನ ಇದ್ದಾರೆಂದು ಬಟ್ಟೆ ನೋಡಿ ಲೆಕ್ಕ ಹಾಕಿಬಿಡುತ್ತಾರೆ ಎಂದು. ಕೆಳಗಿನ ರಸ್ತೆಯ ಜೋಲೀನಳ ತಾಯಿ ಮೊಮ್ಮಗ ನಮ್ಮಲ್ಲೇ ಇದ್ದಾನೆ ಎಂದು ಒಂದು ಸಲ ಹೇಳಿದ್ದಕ್ಕೆ, ಜೋಲೀನ್ ಮಗುವನ್ನು ಬಿಟ್ಟುಹೋದವಳು ಎಂದು ಬರೆದುಕೊಂಡರಂತೆ. ಆಮೇಲೆ ಅವಳ ಕೂಲಿಯಲ್ಲೇ ದುಡ್ಡು ಹಿಡಿದರಂತೆ. ನೀನು ಹಡಗು ಹತ್ತುವ ಮೊದಲು ಮಕ್ಕಳಿಗೆ ಏನೂ ಕೊರತೆಯಾಗದ ಹಾಗೆ ಏರ್ಪಾಡು ಮಾಡಿದ್ದೇನೆ ಎಂದು ಮೇಲಧಿಕಾರಿಗೆ ಸಹಿ ಹಾಕಿ ಕೊಟ್ಟಿದ್ದೀಯ. ನಾನು ಇಲ್ಲಿ ಬಾಯಿ ಬಿಟ್ಟು, ಯಾವುದೋ ಕಂಪ್ಯೂಟರಿನಲ್ಲಿ ನನ್ನ ಮಗಳು ಮಕ್ಕಳನ್ನು ಬಿಟ್ಟುಹೋದವಳು ಎಂದು ಬಂದು, ಅದು ನಿನ್ನ ಕ್ಯಾಪ್ಟನ್ ಕಣ್ಣಿಗೆ ಬಿದ್ದರೆ? ಇಷ್ಟು ವರ್ಷದ ನಿನ್ನ ಕೆಲಸ, ತೋಳಿನ ಮೇಲೆ ಗಳಿಸಿದ ಪಟ್ಟಿ, ನಿನ್ನ ಮಕ್ಕಳು? ಇದನ್ನೆಲ್ಲ ನೆನೆದು ನಾನೊಬ್ಬಳೇ ಎಂದೆ. ಕಾರ್ಡು ಪಕ್ಕಾ ಆಯಿತು. ಒಬ್ಬಳ ಪಾಲಿಗೆ.

ಹೋದ ವಾರ ಫೆಬ್ರವರಿಯದು ಬಂದುಬಿಟ್ಟಿತು. ಅಂಗಡಿಗೆ ಹೋದರೆ ಜಾತ್ರೆ. ಎಲ್ಲರ ಗಾಡಿಯೂ ತುಂಬಿ ತುಳುಕುತ್ತಿದೆ. ಅರ್ಧ ಜನ ಇದು ಸರ್ಕಾರ ಹೆಚ್ಚಿಗೆ ಕೊಟ್ಟದ್ದು ಎಂದುಕೊಂಡಿದ್ದಾರೆ, ಮಾಂಸದ ಮುಂದೆ ಸಾಲು ನಿಂತಿದ್ದಾರೆ. ನನಗೆ ಅವರನ್ನು ತಡೆದು ಅದು ಮುಂದಿನ ತಿಂಗಳ ಊಟ ಕಣ್ರೋ ಎನ್ನಬೇಕು ಅನ್ನಿಸಿತು. ಒಬ್ಬಳಿಗೆ ಹೇಳಿಯೂ ಹೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ ಇನ್ನೊಂದು ಪೊಟ್ಟಣ ಹಾಕಿಕೊಂಡಳು. ಡೆಲ್ಮಾಂಟನದು ಬೇರೆಯದೇ ರಾಗ. ನನ್ನನ್ನು ಅವನ ಟ್ರಕ್ಕಿನಲ್ಲಿ ಕರೆದುಕೊಂಡು ಹೋದವನು ಅವನೇ. "ಅತ್ತಿಗೆ, ಕಾರ್ಡಲ್ಲಿ ಒಂದು ಕಾಸೂ ಬಿಡಬೇಡ. ಬಾಗ್ಲು ಹಾಕಿರೋರು ಒಳಗಿಂದಾನೇ ವಾಪಸ್ ಎಳ್ಕೋತಾರೆ, ನೋಡ್ತಿರು" ಎಂದ. ಎಳೆದುಕೊಳ್ಳುವುದಿಲ್ಲ ಎಂದು ಕಾಗದದಲ್ಲಿ ಬರೆದಿದೆ ಎಂದೆ. ಕಾಗದ ಬರೆದವನಿಗೇ ಸಂಬಳ ಇಲ್ಲ, ಅವನ ಮಾತು ನಂಬ್ತೀಯಲ್ಲ ಎಂದ. ಅದೂ ಸರಿ ಅನ್ನಿಸಿತು, ಇದೂ ಸರಿ ಅನ್ನಿಸಿತು. ಗಾಡಿ ಹಿಡಿದು ಹಿಟ್ಟಿನ ಮುಂದೆ ನಿಂತುಬಿಟ್ಟೆ. ಕೊನೆಗೆ ಕೆಡದ ಸಾಮಾನು ತಂದೆ, ಒಣ ಬೀನ್ಸ್, ಹಿಟ್ಟು, ಓಟ್ಸ್, ಆಲೂಗಡ್ಡೆ, ಹಾಲಿನ ಪುಡಿ. ಉಳಿದದ್ದನ್ನು ಕಾರ್ಡಿನಲ್ಲೇ ಬಿಟ್ಟೆ. ಬಿಟ್ಟು ಬಂದ ಮೇಲೆ ದಿನಕ್ಕೆ ಎರಡು ಸಲ ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ, ಇದೆಯಾ ಎಂದು ಕೇಳುತ್ತೇನೆ. ಇದೆ ಎಂದು ಯಂತ್ರ ಹೇಳುತ್ತದೆ. ಯಂತ್ರಕ್ಕೂ ನನ್ನ ಧ್ವನಿ ಗುರುತು ಸಿಕ್ಕಿರಬೇಕು.

ಒಬ್ಬಳ ಪಾಲು, ಮೂರು ಬಾಯಿ, ಕೊನೆ ಕಾಣದ ದಿನಗಳು. ಆದರೂ ಮಕ್ಕಳಿಗೆ ಒಂದು ಹೊತ್ತೂ ಕಡಿಮೆಯಾಗಿಲ್ಲ, ದೇವರಾಣೆ. ಬೆಳಿಗ್ಗೆ ಓಟ್ಸ್ ಗಂಜಿ, ಶಾಲೆಯ ಊಟ, ಸಂಜೆ ಬಿಸಿ ಏನಾದರೊಂದು. ಡೆಲ್ಮಾಂಟ್ ಮಂಜುಗಡ್ಡೆ ಕೊರೆದು ಹಿಡಿದ ಸಣ್ಣ ಮೀನು ತಂದುಕೊಡುತ್ತಾನೆ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದರೆ ಸೈಲಸ್ ತಲೆ ಬಾಲ ಯಾವುದನ್ನೂ ಬಿಡುವುದಿಲ್ಲ. ನಾನು ಅವರದಾದ ಮೇಲೆ ಉಣ್ಣುತ್ತೇನೆ. ವಯಸ್ಸಾದ ಮೇಲೆ ಹಸಿವೂ ಕಡಿಮೆ. ಅದು ನಿನಗೂ ಮುಂದೆ ಗೊತ್ತಾಗುತ್ತದೆ.

ಈಗ ನಿನ್ನೆಯ ವಿಷಯ. ಇದನ್ನು ಇನ್ಯಾರೋ ನಿನಗೆ ಹೇಳುವ ಮೊದಲು ನಾನೇ ಹೇಳಬೇಕು.

ನಿನ್ನೆ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್ ಊಟ ಇಟ್ಟಿದ್ದರು. ಈ ಸಲ ಊರಿನವರಿಗಲ್ಲ, ಸಂಬಳವಿಲ್ಲದ ಕೋಸ್ಟ್ ಗಾರ್ಡ್ ಮನೆಯವರಿಗೆಂದೇ, ಬಿಟ್ಟಿ. ಅಡುಗೆಯವರ ಪೈಕಿ ಯಾವತ್ತಿನ ಹಾಗೆ ನಾನೂ ಇದ್ದೆ. ಗ್ಲೆನಿಸ್ ಗೊತ್ತಲ್ಲ, ನೀನು ಹುಟ್ಟುವ ಮೊದಲಿನಿಂದ ಆ ಅಡುಗೆಮನೆಯ ಯಜಮಾನಿಕೆ ಅವಳದು. ಫೋನ್ ಮಾಡಿ, ವರ್ಲಿ ನಿನ್ನ ಬೀನ್ಸ್ ಮಡಕೆ ಬೇಕು ಎಂದಳು. ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ನಮ್ಮಲ್ಲಿ ಮಡಕೆ ತರುವುದಿಲ್ಲ ಎಂದರೆ ಮನೆಯಲ್ಲಿ ಬೇಯಿಸಲು ಏನೂ ಇಲ್ಲವೆಂದೇ ಅರ್ಥ, ಅದು ಎಲ್ಲರಿಗೂ ಗೊತ್ತು. ಶುಕ್ರವಾರ ಬೀನ್ಸ್ ನೆನೆಹಾಕಿದೆ, ಶನಿವಾರ ಬೆಳಿಗ್ಗೆ ಕಾಕಂಬಿ, ಸಾಸಿವೆ, ಈರುಳ್ಳಿ, ಉಪ್ಪಿನಲ್ಲಿಟ್ಟ ಕೊಬ್ಬು ಹಾಕಿ ಒಲೆಗೆ ಸೇರಿಸಿದೆ. ಸಂಜೆಯವರೆಗೆ ಮನೆಯೆಲ್ಲ ಆ ವಾಸನೆ. ಹ್ಯಾಟಿ ಬಂದು ಬಂದು ಮುಚ್ಚಳ ಎತ್ತಿ ನೋಡುತ್ತಿದ್ದಳು. ಇದು ಅಲ್ಲಿಗೆ, ಮುಟ್ಟಬೇಡ ಎಂದೆ.

ಅಲ್ಲಿ ಮಕ್ಕಳು ಕೋಸ್ಟ್ ಗಾರ್ಡ್ ಮನೆಯವರ ಮೇಜಿನಲ್ಲಿ ಕೂತರು. ಅದು ಅವರ ಜಾಗವೇ, ನಿನ್ನ ಹೆಸರಲ್ಲಿ. ಹ್ಯಾಟಿ ಎಲ್ಲರಿಗೂ ನಮ್ಮಮ್ಮ ಈಗ ಸಮುದ್ರದಲ್ಲಿದ್ದಾಳೆ ಎಂದು ಹೇಳುತ್ತಿದ್ದಳು, ಬೆನ್ನು ನೆಟ್ಟಗೆ ಮಾಡಿಕೊಂಡು, ಥೇಟ್ ನಿನ್ನ ಹಾಗೆ. ನಾನು ಬಡಿಸುವ ಕಡೆ. ಬಡಿಸುವವರು ಎಲ್ಲರದೂ ಮುಗಿಯುವವರೆಗೆ ಕೂರುವ ಹಾಗಿಲ್ಲ, ಅದು ಗ್ಲೆನಿಸ್‌ಳ ಕಾನೂನು. ಜನ ಬಂದರು, ಮತ್ತೂ ಬಂದರು, ಎರಡನೇ ಸಲ ಬಂದರು. ಯೂನಿಫಾರ್ಮಿನಲ್ಲೇ ಬಂದ ಹುಡುಗರು ತಟ್ಟೆ ಹಿಡಿದು ನೆಲ ನೋಡುತ್ತಿದ್ದರು. ಡೆಲ್ಮಾಂಟ್ ಅವರ ಹಿಂದೆ ನಿಂತು, ನಾಚ್ಕೋಬೇಡ್ರಪ್ಪ, ಹೋದ ವರ್ಷ ನನ್ನ ದೋಣಿ ಎಳ್ಕೊಂಡು ಬಂದ್ರಲ್ಲ, ಅದಕ್ಕೆ ಬಾಡಿಗೆ ಅಂತ ತಿನ್ನಿ ಎನ್ನುತ್ತಿದ್ದ. ಆಗ ಸ್ವಲ್ಪ ನಕ್ಕರು.

ಮುಗಿಯುವ ಹೊತ್ತಿಗೆ ನನ್ನ ಮಡಕೆಯ ತಳ ಕಾಣುತ್ತಿತ್ತು. ಅದನ್ನು ಎತ್ತಿ ಪಾತ್ರೆ ತೊಳೆಯುವ ತೊಟ್ಟಿಯ ಕಡೆ ಹೊರಟೆನಷ್ಟೇ. ದೀಪಗಳೆಲ್ಲ ದೂರ ಹೋದ ಹಾಗಾಯಿತು. ಬೀಳಲಿಲ್ಲ, ಮಡಕೆಯೂ ಒಡೆಯಲಿಲ್ಲ, ಯಾರೋ ಕುರ್ಚಿ ತಂದು ಕೂರಿಸಿದರು. ಗ್ಲೆನಿಸ್ ಬಂದು ಏನಾಯ್ತೇ ಎಂದಳು. ಒಲೆಯ ಬಿಸಿ ಎಂದೆ. ಊಟ ಮಾಡಿದ್ಯಾ ಎಂದಳು. ಮನೆಯಲ್ಲೇ ಉಂಡು ಬಂದೆ ಎಂದೆ.

ನಿನ್ನ ಮಗಳು ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದಳೋ ನನಗೆ ಗೊತ್ತಿಲ್ಲ. ಅವಳು ಸಿಟ್ಟಿನಿಂದ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಗಣಿತದ ಉತ್ತರ ಹೇಳಿದ ಹಾಗೆ ಹೇಳಿದಳು.

"ಅಜ್ಜಿ ದಿನಾ ನಂದು ಆಯ್ತು ಅಂತಾಳೆ. ತಟ್ಟೆ ತೊಳೆಯೋದು ನಾನು. ಎರಡೇ ಇರತ್ತೆ."

ಮಾರ್ನಿ, ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗ್ಲೆನಿಸ್ ತಟ್ಟೆ ತುಂಬ ಬೀನ್ಸು, ಕಂದು ಬ್ರೆಡ್ಡು, ಬೆಣ್ಣೆ ಹಾಕಿ ನನ್ನ ತೊಡೆಯ ಮೇಲಿಟ್ಟು, ಎಲ್ಲರಿಗೂ ಬೆನ್ನಾಗಿ ನನ್ನ ಮುಂದೆ ಗೋಡೆಯ ಹಾಗೆ ನಿಂತಳು, ನಾನು ಉಣ್ಣುವುದು ಯಾರಿಗೂ ಕಾಣದಿರಲಿ ಎಂದು. "ಸುಮ್ನೆ ತಿನ್ನು ವರ್ಲಿ. ಬಡಿಸೋಳು ಬಿದ್ರೆ ಮುಂದಿನ ಸಲ ಮಡಕೆ ಹೊರೋಳು ಯಾರು, ನಾನಾ?" ಎಂದಳು. ತಿಂದೆ. ಎಲ್ಲಾ ತಿಂದೆ. ಹ್ಯಾಟಿ ನಾನು ಮುಗಿಸುವವರೆಗೆ ಅಲ್ಲೇ ನಿಂತು ಆ ತಟ್ಟೆಯನ್ನು ತಾನೇ ತೊಳೆದಳು.

ಹಸಿವು ಕಡಿಮೆ ಎಂದು ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕೋಣ ಎಂದುಕೊಂಡೆ. ಇರಲಿ ಬಿಡು. ನಾನು ಹೇಗೆ ಹೇಳುತ್ತಿದ್ದೆ ಎಂದು ನಿನಗೆ ಗೊತ್ತಾಗಲಿ.

ಆಮೇಲೆ ಶೆಲ್ಬಿ ಎಂಬ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅವಳ ಗಂಡ ಜೋನ್ಸ್‌ಪೋರ್ಟಿನ ದೋಣಿಯಲ್ಲಿದ್ದಾನೆ, ಕಂಕುಳಲ್ಲಿ ಒಂದು ಕೂಸು. ನಾನು ಏನೂ ಕೇಳಲಿಲ್ಲ, ಅವಳೇ ಹೇಳಿದಳು. ಗಂಡ ಹೆಂಡತಿ ಇಬ್ಬರೂ ಹೋಗಿ ಕಾರ್ಡಿಗೆ ಬರೆಸಿಕೊಂಡು ಬಂದರಂತೆ. ಅವನು ಕೆಲಸ ಮುಗಿಸಿ ಬಟ್ಟೆ ಬದಲಿಸದೆ ಯೂನಿಫಾರ್ಮಿನಲ್ಲೇ ಬಂದಿದ್ದನಂತೆ, ಬೇಕೆಂದೇ. "ನಾಚ್ಕೆ ಆಗ್ಬೇಕಾದೋರು ನಾವಲ್ಲ ವರ್ಲಿಯಮ್ಮ. ಅವನು ಕೆಲಸಕ್ಕೆ ಹೋಗ್ತಾ ಇದಾನೆ" ಎಂದಳು. ಬಿಟ್ಟುಹೋದವಳು ಎಂದು ಬರೆಯುತ್ತಾರಂತೆ ಎಂದು ಜೋಲೀನಳ ಕತೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಆದರೆ ಕೇಳಿದರೆ ಗೊತ್ತಾಗುತ್ತದಲ್ಲ ಎಂದಳು. ಅಷ್ಟು ಸುಲಭವಾಗಿ ಹೇಳಿಬಿಟ್ಟಳು. ಈ ಕಾಲದ ಹುಡುಗಿಯರು ಸರ್ಕಾರವನ್ನೂ ಪ್ರಶ್ನೆ ಕೇಳುತ್ತಾರೆ.

ಹಿಂದಿರುಗುವಾಗ ಟ್ರಕ್ಕಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು. ಮನೆ ಹತ್ತಿರ ಬಂದಾಗ ಡೆಲ್ಮಾಂಟ್, ನನಗ್ಯಾಕೆ ಹೇಳಲಿಲ್ಲ ಅತ್ತಿಗೆ ಎಂದ. ನಿನ್ನದೇ ಎರಡು ಮೀನಿನ ಬದುಕು, ನಿನಗೇನು ಹೇಳಲಿ ಎಂದೆ. ಸರ್ಕಾರಕ್ಕಾದ್ರೂ ಹೇಳು ಹಾಗಾದ್ರೆ ಎಂದ. ಮನೆಯೊಳಗಿನ ಮಾತು ಹೊರಗೆ ಹೇಳಬೇಡ ಎಂದು ಜೀವಮಾನವೆಲ್ಲ ಹೇಳುತ್ತಾ ಬಂದವನು ಅವನೇ.

ಈಗ ಕೇಳುತ್ತೇನೆ. ನಿನ್ನನ್ನು ಕೇಳದೆ ನಾನು ಇದನ್ನು ಮಾಡಲಾರೆ. ಲೊರೇನ್‌ಗೆ ಫೋನ್ ಮಾಡಿ, ನನ್ನ ಒಲೆಯಲ್ಲಿ ಮೂವರು ಉಣ್ಣುತ್ತೇವೆ ಎಂದು ಹೇಳಲೇ? ಮಕ್ಕಳ ಹೆಸರು ಆ ಕಾರ್ಡಿಗೆ ಸೇರುತ್ತದೆ. ನೀನು ಬೇಡ ಎಂದದ್ದು ಅದನ್ನೇ. ನಿನ್ನ ಕೆಲಸಕ್ಕೆ ತೊಂದರೆಯಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನೊಬ್ಬಳೇ ಎಂದು ಸುಳ್ಳು ಹೇಳಿದ್ದಕ್ಕೆ ನನ್ನನ್ನು ಏನು ಮಾಡುತ್ತಾರೋ, ಅದೂ ಗೊತ್ತಿಲ್ಲ. ಸರ್ಕಾರ ನಾಳೆ ಬಾಗಿಲು ತೆಗೆದರೂ ತೆಗೆಯಬಹುದು, ಮತ್ತೆ ಹಾಕಿದರೂ ಹಾಕಬಹುದು. ನೀನು ಹೂಂ ಎಂದು ಒಂದು ಸಾಲು ಬರೆ. ಬೇಡ ಎಂದರೆ ಬೇಡ. ಹೇಗೋ ತೂಗಿಸುತ್ತೇನೆ, ಇನ್ನು ಮೇಲೆ ತಟ್ಟೆ ಮೂರು ಇಡುತ್ತೇನೆ, ಹ್ಯಾಟಿ ಹೇಗೂ ಬಿಡುವುದಿಲ್ಲ.

ಡೆಕ್ಕಿನ ಮೇಲೆ ಟೋಪಿ ಹಾಕಿಕೋ. ಕಂಬಿ ಹಿಡಿದುಕೊಂಡೇ ನಡೆ. ನಗಬೇಡ, ಹೇಳುವುದು ನನ್ನ ಕೆಲಸ.

ನಿನ್ನನ್ನು ನೆನೆದೇ ಪ್ರತಿದಿನ ಒಲೆ ಹಚ್ಚುವ
ನಿನ್ನ ಅಮ್ಮ
ವರ್ಲಿ

ಇನ್ನೊಂದು ಮಾತು: ಇಂದು ಮಂಗಳವಾರ. ಮೇಲಿನದೆಲ್ಲ ಭಾನುವಾರ ಬರೆದದ್ದು, ಇದನ್ನು ಲಕೋಟೆ ಮತ್ತೆ ಒಡೆದು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದೆ. ಈ ಕಾಗದ ನಿನ್ನ ಹಡಗು ಹುಡುಕಿಕೊಂಡು ಹೋಗಿ, ನಿನ್ನ ಉತ್ತರ ನನ್ನನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಎಷ್ಟು ಊಟ ಆಗಿಹೋಗಿರುತ್ತದೆ ಎಂದು ಹೊಳೆಯಿತು. ಕೋಟು ಬಿಚ್ಚದೆ ಲೊರೇನ್‌ಗೆ ಫೋನ್ ಮಾಡಿದೆ. ನಿನ್ನ ಹೂಂಗೆ ಕಾಯಲಿಲ್ಲ ಮಾರ್ನಿ. ನಾನು ಮೊದಲು ಹೇಳಿದ್ದು ಸುಳ್ಳು, ನನ್ನನ್ನು ಜೈಲಿಗೆ ಹಾಕುವುದಾದರೆ ಮಕ್ಕಳು ಶಾಲೆಯಿಂದ ಬರುವ ಮೊದಲು ಹೇಳಿಬಿಡಿ ಎಂದೆ. ಕಮ್ಮಿ ತಗೊಂಡಿದ್ದಕ್ಕೆ ಯಾರೂ ಜೈಲಿಗೆ ಹಾಕಲ್ಲ ವರ್ಲಿ ಎಂದಳು. ಇಲ್ಲಿಯವರೆಗೆ ನೀನು ಕಳಿಸಿದ್ದನ್ನೂ ಹೇಳಿದೆ, ನಿಂತದ್ದನ್ನೂ ಹೇಳಿದೆ. ಜೋಲೀನಳದು ಬೇರೆ ನೆರವಂತೆ, ಕೈಗೆ ದುಡ್ಡು ಕೊಡುವಂಥದ್ದು, ಊಟದ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲವಂತೆ. ನಿನ್ನ ಸಂಬಳ ಶುರುವಾದ ದಿನ ಫೋನ್ ಮಾಡಿ ತಿಳಿಸಿದರೆ ಸಾಕಂತೆ. ಮಕ್ಕಳ ಪಾಲು ಸೇರುತ್ತದೆ. ಮಾರ್ಚಿನದು ಅವಳಿಗೂ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು, ಅದು ನನಗೆ ಹಿಡಿಸಿತು.

ಕೊನೆಗೆ ಮಕ್ಕಳ ತಾಯಿ ಎಲ್ಲಿ ಎಂದು ಕೇಳಿದಳು. ನಾನು ಹೇಳಿದ ಹಾಗೇ ಬರೆದುಕೊಳ್ಳಿ, ಒಂದು ಪದವೂ ಬದಲಿಸಬೇಡಿ ಎಂದೆ. ಬರೆದುಕೊಂಡು ಓದಿ ಹೇಳಿದಳು. ಸಮುದ್ರದಲ್ಲಿ, ಕೆಲಸದ ಮೇಲೆ ಇದ್ದಾಳೆ. ಸಂಬಳ ಕೊಟ್ಟಿಲ್ಲ. ಮಕ್ಕಳನ್ನು ಬಿಟ್ಟುಹೋಗಿಲ್ಲ.

ನನ್ನನ್ನು ಬೈಯಬೇಕು ಅನ್ನಿಸಿದರೆ ಬೈದು ಬರೆ. ಮೂವರೂ ಉಂಡು ಕೂತು ಓದುತ್ತೇವೆ.